ಏರಿಯ ಕೆಳಗಿನ ಹನ್ನೊಂದು ಮನೆ

ನೀರ್‌ಗಂಡಿ ಎಸ್ಟೇಟ್ ಲೈನ್, ಕಳಸ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಧರ್ಮೇಶನಿಗೆ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಜೆಸಿಬಿ ಸೀಟಿನಲ್ಲಿ ಕೂತು ಕೂತು ಬಂದ ನೋವು, ಅಲ್ಲಿ ಜೈಲಿನ ನೆಲದ ಮೇಲೆ ಮಲಗಿ ಇನ್ನಷ್ಟು ಹೆಚ್ಚಾಗಿರಬೇಕು. ನೀನು ಇಳಿದುಹೋಗಿದ್ದೀಯ ಎಂದು ವಕೀಲರು ಹೇಳಿದರು. ಕೊಟ್ಟಷ್ಟನ್ನು ಉಣ್ಣು. ಚಿಕ್ಕಂದಿನಲ್ಲಿ ಸೌತೆಕಾಯಿ ಹುಳಿ ಕಂಡರೆ ತಟ್ಟೆ ಸರಿಸುತ್ತಿದ್ದ ಹಾಗೆ ಅಲ್ಲಿ ಮಾಡಬೇಡ. ನಾವು ಚೆನ್ನಾಗಿದ್ದೇವೆ. ದೀಪಶ್ರೀ ಶಾಲೆಗೆ ಹೋಗುತ್ತಿದ್ದಾಳೆ, ಮೊನ್ನೆ ಹಲ್ಲೊಂದು ಬಿತ್ತು. ಐವತ್ತೆರಡು ದಿನವಾಯಿತು, ಅಕ್ಕ ಒಂದು ಸಲವೂ ನೋಡಲು ಬರಲಿಲ್ಲ ಎಂದು ನಿನಗೆ ಅನ್ನಿಸಿರಬಹುದು. ಎರಡು ಸಲ ಹೊರಟೆ. ಒಂದು ಸಲ ಕೊಟ್ಟಿಗೆಹಾರದವರೆಗೂ ಬಂದು, ಅಲ್ಲಿ ಹೋಟೆಲಿನ ಮುಂದೆ ನಿಂತಿದ್ದು, ವಾಪಸು ಬಸ್ಸು ಹತ್ತಿದೆ. ನಿನಗೆ ಹೇಳಬೇಕಾದ್ದೊಂದಿದೆ. ಫೋನಿನಲ್ಲಿ ನಿನಗೆ ಸಿಗುವ ಐದು ನಿಮಿಷಕ್ಕೆ ಹಿಡಿಸುವ ಮಾತೂ ಇದಲ್ಲ. ಅದಕ್ಕೇ ಕಾಗದ.

ಆ ದಿನ ನಡೆದದ್ದನ್ನೆಲ್ಲ ಮೊದಲಿನಿಂದ ಕ್ರಮವಾಗಿ ನೆನಪು ಮಾಡಿಕೊಳ್ಳಿ ಎಂದು ವಕೀಲರು ಹೇಳಿದ್ದಾರೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಆರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಎಸ್ಟೇಟ್ ರಸ್ತೆಗೆ ಧರೆ ಕುಸಿದಿತ್ತು, ಮಣ್ಣು ತೆಗೆಯಲು ನೀನು ಜೆಸಿಬಿ ತಂದಿದ್ದೆ. ನಮ್ಮ ಮನೆಯಲ್ಲಿ ಕಾಫಿ ಕುಡಿದು ಕೆರೆ ನೋಡಲು ಹೋದೆ. ಹೆಚ್ಚಿನ ನೀರು ಹರಿದುಹೋಗುವ ಕೋಡಿಗೆ ಎಸ್ಟೇಟಿನ ಸಾಹುಕಾರ್ರು ಹೋದ ವರ್ಷವೇ ಮರಳು ಚೀಲ ಪೇರಿಸಿದ್ದರು, ಹೋಮ್‌ಸ್ಟೇಗೆ ಬರುವವರ ಪೆಡಲ್ ಬೋಟಿಗೆ ಕೆರೆ ತುಂಬಿರಬೇಕು ಎಂದು. ಚೀಲದ ಮೇಲೆ ಹುಲ್ಲೂ ಬೆಳೆದಿತ್ತು. ನೀರು ಕೆರೆ ಏರಿಯ ತಲೆಗೆ ಒಂದು ಗೇಣು ಕೆಳಗಿತ್ತು. ಏರಿಯ ಬುಡದಲ್ಲಿ ತೋಳಿನಷ್ಟು ದಪ್ಪಕ್ಕೆ ನೀರು ಬರುತ್ತಿತ್ತು. ತಿಳಿ ನೀರು ಬಂದರೆ ಹೆದರಿಕೆಯಿಲ್ಲ, ಇದು ಕೆಂಪು ನೀರು, ಏರಿಯ ಹೊಟ್ಟೆಯ ಮಣ್ಣೇ ಕರಗಿ ಬರುತ್ತಿದೆ ಎಂದು ನೀನು ಹೇಳಿದೆ. ಸಾಹುಕಾರ್ರು ಮಂಗಳೂರಿನಲ್ಲಿದ್ದರು. ಫೋನಿನಲ್ಲಿ ಅವರು ಹೇಳಿದ್ದು ನನಗೂ ಕೇಳಿಸಿತು: "ಎಂಜಿನಿಯರ್ ಸರ್ಟಿಫಿಕೇಟ್ ಕೊಟ್ಟಿದಾರೆ ಮಾರಾಯ, ಏನೂ ಆಗಲ್ಲ. ಯಾರೂ ಏನೂ ಮುಟ್ಬೇಡಿ, ನಾನು ಬಂದು ನೋಡ್ತೀನಿ." ನೀನು ಫೋನ್ ಜೇಬಿಗೆ ಹಾಕಿಕೊಂಡೆ. "ಅಕ್ಕಾ, ಲೈನಿನವ್ರನ್ನೆಲ್ಲ ಮೇಲೆ ಕಾಫಿ ಕಣಕ್ಕೆ ಹತ್ಸು. ಕೋಡಿ ಬಿಡಿಸ್ತೀನಿ. ನೀನು ಕೈ ಎತ್ತಿದ ಮೇಲೇ ಬಕೆಟ್ ಹಾಕೋದು" ಎಂದೆ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ. ಲೈನಿನಲ್ಲಿ ಕೂಲಿಯವರ ಹನ್ನೊಂದು ಮನೆ, ಮೂವತ್ತೆಂಟು ಜನ. ಹುಚ್ಚಮ್ಮಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ನಾನು ಕೊನೆಯ ಮನೆಯ ಬಾಗಿಲು ತಟ್ಟಿ ಬರುವಾಗ ನಮ್ಮ ಮಾವ ಎದುರಾದರು, ಕೊಡೆ ಬಿಡಿಸಿಕೊಂಡು ಕೋಡಿಯ ನೀರು ಹರಿಯುವ ಹಳ್ಳದ ಕಡೆಗೆ ಇಳಿಯುತ್ತಿದ್ದರು. "ಪಂಪ್‌ಹೌಸಿನ ಫ್ಯೂಸ್ ಕಿತ್ತು ಬರ್ತೀನಿ ಕಣಮ್ಮ. ನೀರು ನುಗ್ಗಿದ್ರೆ ಮೋಟ್ರು ಸುಟ್ಟೋಗುತ್ತೆ" ಎಂದರು. ಇಪ್ಪತ್ತಾರು ವರ್ಷ ಆ ಪಂಪು ನೋಡಿಕೊಂಡವರು, ನಿನಗೆ ಗೊತ್ತಲ್ಲ. ಹೋಗಬೇಡಿ ಎಂದು ನಾನು ಹೇಳಲಿಲ್ಲ. "ಬೇಗ ಬನ್ನಿ ಮಾವ" ಎಂದೆ. ಆಮೇಲೆ ಕಣಕ್ಕೆ ಹತ್ತಿ ತಲೆ ಎಣಿಸಿದೆ. ಮೂವತ್ತೇಳು. ಮಳೆಯಲ್ಲಿ ಎಲ್ಲರೂ ಪ್ಲಾಸ್ಟಿಕ್ ಹೊದ್ದು ಒತ್ತಿಕೊಂಡು ನಿಂತಿದ್ದರು, ಎಣಿಕೆ ತಪ್ಪಿರಬೇಕು ಎಂದುಕೊಂಡೆ. ಇಲ್ಲವೇ ಮಾವ ಪಂಪ್‌ಹೌಸಿನ ಹಿಂದಿನ ದಾರಿಯಲ್ಲಿ ಗುಡ್ಡ ಹತ್ತಿರುತ್ತಾರೆ ಎಂದುಕೊಂಡೆ. ನೀನು ಏರಿಯ ಮೇಲಿನಿಂದ "ಎಲ್ರೂ ಹತ್ತಿದ್ರಾ?" ಎಂದು ಕೂಗಿದೆ. ನಾನು ಕೈ ಎತ್ತಿದೆ.

ಧರ್ಮಾ, ಕೈ ಎತ್ತಿದ್ದು ನಾನು. ಕೆಳಗೆ ಮನುಷ್ಯರಿದ್ದಾರೆ ಎಂದು ಗೊತ್ತಿದ್ದೂ ನೀರು ಬಿಟ್ಟ ಎಂದು ಪೊಲೀಸರು ಬರೆದುಕೊಂಡಿದ್ದಾರಂತೆ. ನಿನಗೆ ಗೊತ್ತಿರಲಿಲ್ಲ.

ಹಳ್ಳ ಭದ್ರೆಗೆ ಸೇರುವಲ್ಲಿ, ಬಿದಿರ ಹಿಂಡಿನಲ್ಲಿ, ನೀರು ಕೊಚ್ಚಿಕೊಂಡು ಹೋಗಿದ್ದ ಮಾವ ಮೂರನೆಯ ದಿನ ಸಿಕ್ಕರು. ಅಂಗಿಯ ಜೇಬಿನಲ್ಲಿ ಎರಡು ಫ್ಯೂಸ್ ಇದ್ದವು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಹನ್ನೊಂದನೆಯ ದಿನದ ಅಡುಗೆಗೆ ಕಾಯಿ ತುರಿಯುತ್ತಾ ಕೂತಿದ್ದೆ, ಯಾರೋ ಬಂದು ಸಾಕು ಎಂದು ಕೈಯಿಂದ ಹೋಳು ಕಿತ್ತುಕೊಂಡರು. ನೋಡಿದರೆ ಬೇಕಾದ ಎರಡರಷ್ಟು ತುರಿದಿದ್ದೆ. ಲೈನಿನ ಒಂದು ಹೆಂಚೂ ಅಲುಗಿಲ್ಲ. ಮೊದಲ ವಾರ ಹೆಂಗಸರು ನಿನ್ನ ಹೆಸರು ಹೇಳಿ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಸಾಹುಕಾರ್ರು ಬಂದು ಹೋದ ಮೇಲೆ ಕೈ ಹಿಡಿಯುವುದು ನಿಂತಿತು. ಬಿಡಿಸಿದ ಕೋಡಿಯನ್ನು ನೀರು ತಳದವರೆಗೂ ಕೊರೆದುಕೊಂಡು ಹೋಗಿ ಕೆರೆಯಲ್ಲಿ ಈಗ ಬರೀ ಕೆಸರು, ಬೋಟುಗಳು ಓರೆಯಾಗಿ ಹೂತಿವೆ. ನಿನ್ನ ಭಾವ ಕೆಲಸದಿಂದ ಬಂದು ಜಗಲಿಯಲ್ಲಿ ಕೂರುತ್ತಾರೆ. ತಮ್ಮ ಅಪ್ಪನ ಬಗ್ಗೆಯೂ ಮಾತಿಲ್ಲ, ನಿನ್ನ ಬಗ್ಗೆಯೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕರೆದರೆ ಬಂದು ಉಣ್ಣುತ್ತಾರೆ.

ಹೋದ ವಾರ ವಕೀಲರು ಆ ಸರ್ಟಿಫಿಕೇಟಿನ ನಕಲು ಕೊಟ್ಟರು. ವಕೀಲೆ ರಂಜಿತಾ ಅವರನ್ನು ನೀನೂ ನೋಡಿದ್ದೀಯ, ಚಿಕ್ಕ ವಯಸ್ಸಿನವರು, ಮೂಡಿಗೆರೆಯವರು, ಎದುರಿಗೆ ಕೂತವರ ಮಾತು ಮುಗಿಯುವವರೆಗೆ ಕಾಯುತ್ತಾರೆ. ಬಸ್ಸಿನಲ್ಲಿ ಬರುತ್ತಾ ಓದಿದೆ. ಮೂರೇ ಹಾಳೆ. ಫೆಬ್ರವರಿಯಲ್ಲಿ ಬಂದು ನೋಡಿದ್ದು. ಕಾಫಿ ಹೂವಿಗೆ ನೀರು ಹಾಯಿಸಿ ಕೆರೆ ಅರ್ಧಕ್ಕೆ ಇಳಿದಿದ್ದಾಗ. "ಮಣ್ಣಿನ ಏರಿಯ ಸ್ಥಿತಿ: ತೃಪ್ತಿಕರ. ಜಿನುಗು: ಕಂಡುಬಂದಿಲ್ಲ." ಅದರ ಕೆಳಗೆ "ಏರಿ ಒಡೆದರೆ ಅಪಾಯದ ಮಟ್ಟ: ಕಡಿಮೆ" ಎಂದಿತ್ತು. ಯಾಕೆ ಕಡಿಮೆ ಎಂದು ಮುಂದಿನ ಹಾಳೆಯಲ್ಲಿ ಹುಡುಕಿದೆ. "ಕೆಳಭಾಗದಲ್ಲಿ ವಾಸದ ಮನೆಗಳು: ಇಲ್ಲ. ಎಸ್ಟೇಟಿನ ಶೆಡ್‌ಗಳು: ಹನ್ನೊಂದು." ಇಲ್ಲ ಎಂಬುದನ್ನು ಎರಡು ಮೂರು ಸಲ ಓದಿದೆ. ಸಿಟ್ಟು ಬರಬೇಕಿತ್ತು. ನಮ್ಮ ಮನೆ ಎಷ್ಟನೆಯ ಶೆಡ್ ಆಗುತ್ತದೆ ಎಂದು ಎಣಿಸುತ್ತಾ ಕೂತೆ. ಆ ಕಡೆಯಿಂದ ನಾಲ್ಕನೆಯದು. ಇಳಿಯುವ ಸ್ಟಾಪು ದಾಟಿಹೋಗಿತ್ತು.

ಕೋರ್ಟಿನಲ್ಲಿ ಈ ಮೂರು ಹಾಳೆಯೇ ನಿನ್ನ ಮೇಲೆ ಬರುವುದು. ಏರಿ ಗಟ್ಟಿಯಾಗಿತ್ತು, ಅಪಾಯವಿರಲಿಲ್ಲ, ಸಾಹುಕಾರ್ರ ಮೇಲಿನ ದ್ವೇಷಕ್ಕೆ ನೀನು ನೀರು ಬಿಟ್ಟೆ ಎನ್ನುತ್ತಾರೆ. ಮೇಸ್ತ್ರಿ ರೇವಣ್ಣ ಮೊನ್ನೆ ಮನೆಗೇ ಬಂದಿದ್ದರು. "ನೀವು ಸುಮ್ನಿದ್ರೆ ಮನೆ ಉಳಿಯುತ್ತೆ ಪವಿತ್ರಾ. ನಿಮ್ಮ ಮಲ್ಲೇಶನಿಗೆ ಅಪ್ಪನ ಪಂಪಿನ ಕೆಲ್ಸಾನೂ ಕೊಡ್ತಾರಂತೆ" ಎಂದರು. ನಿನ್ನ ಭಾವ ಅಲ್ಲೇ ಕೂತಿದ್ದರು.

ಧರ್ಮ ಮಾವನಿಗೆ ನಮಸ್ಕಾರ ಹೇಳು ಎಂದು ದೀಪಶ್ರೀ ಹೇಳಿದ್ದಾಳೆ. ಹುಚ್ಚಮ್ಮಜ್ಜಿ ಕಳಸೇಶ್ವರನಿಗೆ ನಿನ್ನ ಹೆಸರಿನಲ್ಲಿ ಹರಕೆ ಹೊತ್ತಿದ್ದಾಳೆ, ಏನೆಂದು ಹೇಳುತ್ತಿಲ್ಲ. ಚಳಿಗೆ ಎದೆ ಮುಚ್ಚಿಕೊಂಡು ಮಲಗು. ಅಮ್ಮ ಇದ್ದಿದ್ದರೆ ನಿನ್ನ ತಲೆ ಸವರಿ ಏನು ಹೇಳುತ್ತಿದ್ದಳೋ, ಅದೆಲ್ಲ ನನ್ನ ಕಡೆಯಿಂದ.

ನಿನ್ನ ಅಕ್ಕ,
ಪವಿತ್ರಾ

ತಾ.ಕ.: ಸೋಮವಾರ ಬೆಳಿಗ್ಗೆ. ಬಸ್ಸಿಗೆ ಹೊತ್ತಾಯಿತು. ಬರೆಯಬೇಕಾದ್ದನ್ನೇ ನಿನ್ನೆ ಬರೆಯಲಿಲ್ಲ. ಫೆಬ್ರವರಿಯಲ್ಲಿ ಎಂಜಿನಿಯರ್ ಬರುವ ಎರಡು ದಿನ ಮೊದಲು ರೇವಣ್ಣ ನಮ್ಮನ್ನು ಮೂರು ಜನ ಹೆಂಗಸರನ್ನು ಏರಿಯ ಬುಡಕ್ಕೆ ಕರೆದುಕೊಂಡು ಹೋಗಿದ್ದರು. ಆಗಲೇ ಅಲ್ಲಿ ಜಿನುಗುತ್ತಿತ್ತು, ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತಿತ್ತು. ಒಣ ಮಣ್ಣು ತುಂಬಿಸಿದರು. ಹೋಮ್‌ಸ್ಟೇ ಅಂಗಳದಿಂದ ಹುಲ್ಲನ್ನು ಬೇರುಮಣ್ಣಿನ ಸಮೇತ ಎಬ್ಬಿಸಿ ತಂದು ಮೇಲೆ ಹಾಸಿಸಿದರು. ಸಂದು ಕಾಣದ ಹಾಗೆ ತುಳಿದು ಕೂರಿಸಿದವಳು ನಾನು. ಚೆನ್ನಾಗಿ ಮಾಡಿದ್ದೀಯ ಎಂದರು. ಜುಲೈಯಲ್ಲಿ ನೀನು "ಈ ನೀರು ಯಾವಾಗಿಂದ ಬರ್ತಿದೆ ಅಕ್ಕಾ?" ಎಂದು ಕೇಳಿದಾಗ ಗೊತ್ತಿಲ್ಲ ಎಂದೆ. ಇವತ್ತು ವಕೀಲರ ಹತ್ತಿರ ಹೋಗಿ ಇದನ್ನೂ, ಕೈ ಎತ್ತಿದ್ದನ್ನೂ ಹೇಳಿ ಬರೆಸುತ್ತೇನೆ. ನಿನ್ನೆ ಸಂಜೆ ನಿನ್ನ ಭಾವನಿಗೆ ಎರಡನ್ನೂ ಹೇಳಿದೆ. "ಲೈನ್ ಬಿಡ್ಬೇಕಾಗುತ್ತೆ" ಎಂದರು, ಅಷ್ಟೇ. ಈಗ ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಇವತ್ತು ಕೆಲಸಕ್ಕೆ ಹೋಗಿಲ್ಲ. ನಾನು ಬನ್ನಿ ಎಂದು ಕರೆದಿರಲಿಲ್ಲ.