ಇಲಿಯ ಪಾಲು

ಗಾಸ್‌ಪೋರ್ಟ್,
೨೮ ಮಾರ್ಚ್ ೧೯೦೯

ಪ್ರೀತಿಯ ಮಗು ಹರ್ಬರ್ಟ್,

ಹೇಗಿದ್ದೀಯಪ್ಪಾ? ಮಾಲ್ಟಾದಲ್ಲಿ ಹಡಗಿನ ಮೇಲಿನ ಬಿಸಿಲಿಗೆ ನಿನ್ನ ಮೂಗಿನ ಸಿಪ್ಪೆ ಏಳುವುದು ನಿಂತಿತೇ? ಹಲ್ಲುನೋವಿಗೆ ಲವಂಗ ಇಟ್ಟುಕೋ. ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ. ಅಳು ಮಾತ್ರ ಬಂದಿಲ್ಲ. ಪಕ್ಕದ ಮನೆಯವರು ಕಲ್ಲೆದೆಯವಳು ಎನ್ನುತ್ತಿರಬಹುದು, ಅನ್ನಲಿ.

ನಿನ್ನ ಅಣ್ಣ ಸಿರಿಲ್ ಹೋದ ಸುದ್ದಿ ತಂತಿಯಲ್ಲಿ ನಾಲ್ಕೇ ಮಾತಿನಲ್ಲಿ ಬಂದಿತ್ತಲ್ಲ. ಉಳಿದದ್ದನ್ನು ಬರೆಯುತ್ತೇನೆ. ಅವನಿದ್ದ ಜಲಾಂತರ್ಗಾಮಿ ನೌಕೆ ಬ್ಯಾರೋ ಕಾರ್ಖಾನೆಯಿಂದ ಹೊಸದಾಗಿ ಬಂದ ದಿನ ನಾವು ಮೂವರೂ ದಡದಲ್ಲಿ ನಿಂತು ನೋಡಿದ್ದೆವಲ್ಲ, ನೆನಪಿದೆಯೇ? ಹೆಸರಿಡದೆ ಬರೀ ನಂಬರು ಕೊಟ್ಟಿದ್ದರು. "ನಮ್ಮನೆ ಬಾಗಿಲಿಗೂ ನಂಬರೇ ತಾನೇ ಅಮ್ಮಾ, ನಾವೇನು ಬದುಕ್ತಿಲ್ವಾ?" ಎಂದಿದ್ದ ಸಿರಿಲ್. ಆಮೇಲೆ ಅದು ಒಮ್ಮೆ ಕೆಸರಲ್ಲಿ ಹೂತಿತು, ಒಮ್ಮೆ ಉಗಿಹಡಗಿಗೆ ಗುದ್ದಿಕೊಂಡಿತು; ಎರಡು ಸಲವೂ ಅವನು ನಗುತ್ತಲೇ ಮನೆಗೆ ಬಂದ. ಈ ಸಲ ನೌಕೆಗೆ ಒಂದು ಗೀರೂ ಆಗಿಲ್ಲ. ಬಂದರಿನ ಬಾಯಲ್ಲಿ ನೀರಿನ ಮೇಲೇ ಇದ್ದರು. ಇಂಜಿನ್ನಿನ ಪೆಟ್ರೋಲು ಸೋರಿ ಒಳಗೆಲ್ಲ ಕಣ್ಣಿಗೆ ಕಾಣದ ಆವಿ ತುಂಬಿಕೊಂಡಿತು. ಅದು ತಿಳಿಯಲೆಂದೇ ಪಂಜರದಲ್ಲಿ ಬಿಳಿ ಇಲಿ ಸಾಕಿದ್ದರು. ಇಲಿ ಬಿದ್ದರೆ ಎಲ್ಲರೂ ಮೇಲೆ ಓಡಿ ಬರಬೇಕು. ಇಲಿ ಬಿದ್ದಿತ್ತಂತೆ. ಮೇಲಿನ ಮುಚ್ಚಳದ ಹತ್ತಿರವಿದ್ದು ಬದುಕಿದ ಅವನ ಜೊತೆಗಾರ ಟಪ್ಪರ್ ಮನೆಗೆ ಬಂದು, ಕೈಯಲ್ಲಿ ಟೋಪಿ ತಿರುಗಿಸುತ್ತಾ ಹೇಳಿದ: "ಅದು ತಿಂದು ತಿಂದು ಯಾವಾಗ್ಲೂ ಬಿದ್ದೇ ಇರ್ತಿತ್ತು ಕಣಮ್ಮಾ. 'ಸಾಹೇಬ್ರು ಊಟ ಮುಗಿಸಿ ಮಲಗವ್ರೆ' ಅಂತ ಸಿರಿಲ್ ನಕ್ಕ. ಐದು ನಿಮಿಷಕ್ಕೆ ಅವನೂ ಬಿದ್ದ." ನಾಲ್ವರು ಹೋದರು. ಈಗ ನೌಕೆಗೆ ಬಣ್ಣ ಬಳಿಯುತ್ತಿದ್ದಾರೆ, ಹೊಸಬರನ್ನು ಹಾಕುತ್ತಾರಂತೆ.

ಅವನ ಚೀಲ ಮನೆಗೆ ಬಂತು. ಉಣ್ಣೆಯ ಕಾಲುಚೀಲಗಳನ್ನು ಒಗೆದು ಹಾಕಿದ್ದೇನೆ. ನಿನಗೆ ಅಳತೆ ಸರಿಹೋಗುತ್ತದೆ.

ದೇವರು ನಿನ್ನನ್ನು ಕಾಯಲಿ. ಟೋಪಿಯಿಲ್ಲದೆ ಬಿಸಿಲಿಗೆ ಹೋಗಬೇಡ.

ನಿನ್ನ ಅಮ್ಮ,
ಎಡಿತ್ ಪೆನ್‌ಫೋಲ್ಡ್

ಮರೆತಿದ್ದೆ: ಅದೇ ನೌಕೆಯಲ್ಲಿ ಅಣ್ಣನ ಜಾಗಕ್ಕೆ ಹೆಸರು ಕೊಟ್ಟಿದ್ದೇನೆಂದು ನೀನು ಬರೆದ ಕಾಗದ ಬೆಳಿಗ್ಗೆ ತಲುಪಿತು. ಬೇಡವೆನ್ನಲು ನನಗೆ ಬಾಯಿಲ್ಲ. ಪ್ರತಿ ಸಲ ಹೊರಡುವಾಗ "ಇಲಿ ಪಾಲು ಕೊಡಮ್ಮಾ" ಎನ್ನುತ್ತಿದ್ದ ಸಿರಿಲ್. ಕೇಕಿನ ಅಂಚು ಕತ್ತರಿಸಿ ಕಟ್ಟಿಕೊಡುತ್ತಿದ್ದವಳು ನಾನು. ಟಪ್ಪರ್‌ಗೆ ಇದನ್ನು ಹೇಳಲಿಲ್ಲ. ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ಬರುವುದಾದರೆ ಬಾ. ಆದರೆ ಇಲಿಗೆಂದು ನನ್ನಲ್ಲಿ ಏನನ್ನೂ ಕೇಳಬೇಡ, ನೀನೂ ಕೊಡಬೇಡ. ಅದು ಹಸಿದಿರಲಿ, ಎದ್ದಿರಲಿ.