ಎಂಟರ್ ಒತ್ತದ ಸಾಲು

ಮಾರ್ಚ್ 3, ಬೆಳಗ್ಗೆ
ಮತ್ತೆ ನಿದ್ದೆಯಿಲ್ಲ. ನನ್ನ ಕೂಸು ಪುಟ್ಟಿ ಮಲಗಿದ್ದಳು, ಚೆನ್ನಾಗಿಯೇ. ನಾನೇ ಅವಳ ಮೂಗಿನ ಹತ್ತಿರ ಬೆರಳಿಟ್ಟು ಕೂತಿದ್ದೆ — ಉಸಿರಿದೆಯೇ ಎಂದು. ಇತ್ತು. ಮತ್ತೆ ನೋಡಿದೆ. ಇತ್ತು. ಡಿಗ್ರಿ ಓದಿದವಳು ಮಾಡುವ ಕೆಲಸವೇ ಇದು!

ಅತ್ತೆ ಹಲ್ಲುಜ್ಜುತ್ತಲೇ ಬಂದರು. ಅವರ ಆಫೀಸಿನಲ್ಲಿ ಉಳಿದಿದ್ದ ಒಂದು ಟೈಪ್‌ರೈಟರನ್ನೂ ಎತ್ತಿಬಿಟ್ಟರಂತೆ. ಹದಿನಾಲ್ಕಕ್ಕೆ ಕಂಪ್ಯೂಟರ್ ಪರೀಕ್ಷೆ. ಪಾಸಾಗದಿದ್ದರೆ ಟೈಪಿಸ್ಟ್ ಕುರ್ಚಿ ಹೋಯಿತು, ಕೆಳಗಡೆ ಹಳೇ ಫೈಲುಗಳ ಕೋಣೆಯೇ ಗತಿ.

"ನೀನು ನನಗೆ ಕಂಪ್ಯೂಟರಿನ ವರ್ಡ್ ಕಲಿಸು. ಪಾಠ ಆದಮೇಲೆ ಮಗು ನನ್ನ ಹತ್ತಿರ, ನೀನು ಹಾಸಿಗೇಲಿ. ಒಪ್ಪಿಗೇನಾ?"

ಬಾಯಲ್ಲಿ ಪೇಸ್ಟಿನ ನೊರೆ. ಒಪ್ಪಿದೆ.

ಮಾರ್ಚ್ 4, ಸಂಜೆ
ಅಬ್ಬಾ, ಅತ್ತೆಯ ವೇಗ! ಲ್ಯಾಪ್‌ಟಾಪ್ ಪಾಪ... ಮೊಳೆ ಹೊಡೆದ ಹಾಗೆ ಹೊಡೆಯುತ್ತಾರೆ. ಕಣ್ಣು ಕಾಗದದ ಮೇಲೆ, ಸ್ಕ್ರೀನ್ ನೋಡುವುದೇ ಇಲ್ಲ. ಸಾಲಿನ ತುದಿಗೆ ಬಂದರೆ ಎಡಗೈ ತಾನೇ ಎದ್ದು ಸ್ಕ್ರೀನಿನ ಅಂಚನ್ನು ತಳ್ಳುತ್ತದೆ — ಟೈಪ್‌ರೈಟರ್ ಹಿಡಿ ತಳ್ಳಿ ತಳ್ಳಿ ಸಾಲು ಇಳಿಸಿದ ಅಭ್ಯಾಸ. ಆಮೇಲೆ ನಾಲಿಗೆ ಕಚ್ಚಿಕೊಂಡು ಎಂಟರ್. ಪ್ರತಿ ಸಾಲಿಗೂ.

"ಒತ್ತಬೇಡಿ ಅತ್ತೆ. ಜಾಗ ಮುಗಿದರೆ ಸಾಲು ತಾನಾಗೇ ಇಳಿಯುತ್ತೆ."

"ಇಳೀದೇ ಇದ್ದರೆ?"

"ಇಳಿಯುತ್ತೆ."

"ನೋಡೋಣ," ಅಂದರು. ಒತ್ತಿಯೇಬಿಟ್ಟರು.

ಮಾರ್ಚ್ 7
ಇವತ್ತು ಅವರ ನೋಟಿಸಿನ ಅಕ್ಷರ ದೊಡ್ಡದು ಮಾಡಿ ತೋರಿಸಿದೆ, ಹನ್ನೆರಡರಿಂದ ಹದಿನಾರಕ್ಕೆ. ನೆಟ್ಟಗಿದ್ದದ್ದು ಚೆಲ್ಲಾಪಿಲ್ಲಿ. ಒಂದು ಉದ್ದ ಸಾಲು, ಅದರ ಕೆಳಗೆ ಒಂಟಿ ಪದ, ಮತ್ತೆ ಉದ್ದ ಸಾಲು. ಸ್ಪೇಸ್ ಒತ್ತಿ ಒತ್ತಿ ನಡುವೆ ಕೂರಿಸಿದ್ದ ಶೀರ್ಷಿಕೆ ಬಲಕ್ಕೆ ವಾಲಿತ್ತು.

"ಯಾವನು ಮಾಡಿದ್ದು ಇದನ್ನ?"

"ನೀವೇ."

ಅಡಗಿದ ಗುರುತುಗಳನ್ನು ಕಾಣಿಸುವ ಬಟನ್ ಒತ್ತಿದೆ. ಎಂಟರ್ ಒತ್ತಿದಲ್ಲೆಲ್ಲ ಒಂದೊಂದು ಗುರುತು.

"ಕಾಗೆ ಓಡಾಡಿದ ಹಾಗಿದೆಯಲ್ಲೇ!"

ಶೀರ್ಷಿಕೆಗೆ ಕಂಟ್ರೋಲ್ ಇ ಹೇಳಿಕೊಟ್ಟೆ. ಅದು ಮಾತ್ರ ಬಲು ಇಷ್ಟವಾಯಿತು. ಸಿಕ್ಕಿದ್ದನ್ನೆಲ್ಲ ನಡುವೆ ತಂದು ಕೂರಿಸಿದರು, ದಿನಾಂಕವನ್ನೂ.

ಮಾರ್ಚ್ 10, ಸಂಜೆ
ಇನ್ನೂ ಪ್ರತಿ ಸಾಲಿಗೂ ಎಂಟರ್. ರೇಗಿಬಿಟ್ಟೆ. "ನಾಲ್ಕು ದಿನ ಉಳಿದಿದೆ! ಸ್ವಲ್ಪ ನಂಬಬಾರದಾ ಅದನ್ನ?"

ಅತ್ತೆ ಕನ್ನಡಕ ತೆಗೆದರು. "ನೀನು ನಂಬ್ತೀಯಾ? ಮಗು ಉಸಿರು ತಾನಾಗೇ ಬರುತ್ತೆ ಅಂತ? ಪಾಠದ ಮಧ್ಯೆ ಎಷ್ಟು ಸಲ ಎದ್ದು ಹೋದೆ, ಹೇಳು. ನಿಂದೂ ಎಂಟರೇ ಕಣೇ."

ನಗು ಬಂತು. ಅವರಿಗೂ. ಕಣ್ಣಲ್ಲಿ ನೀರು ಬರುವಷ್ಟು.

ಹೊಸ ಒಪ್ಪಂದ: ಒಂದು ಪ್ಯಾರಾ ಮುಗಿಯುವವರೆಗೆ ಅವರು ಎಂಟರ್ ಮುಟ್ಟಬಾರದು, ನಾನು ಕುರ್ಚಿ ಬಿಡಬಾರದು. ನಮ್ಮ ಯಜಮಾನರು ಇಣುಕಿ, "ಯಾರ ಪರೀಕ್ಷೆ ಇದು?" ಅಂದರು.

"ಇಬ್ಬರದೂ. ಹೋಗಿ ಟೀ ಮಾಡು," ಅಂದರು ಅತ್ತೆ ಮಗನಿಗೆ.

ಆ ಪ್ಯಾರಾ ಎಷ್ಟು ಉದ್ದವಿತ್ತೋ! ಕುರ್ಚಿಯ ಅಂಚು ಹಿಡಿದುಕೊಂಡೆ. ಒಳಗೆ ಪುಟ್ಟಿಯ ಸದ್ದಿಲ್ಲ... ಕೂತೇ ಇದ್ದೆ.

ಮಾರ್ಚ್ 12
ಅತ್ತೆ ಒಂದಿಡೀ ಪುಟ ಹೊಡೆದರು. ಎಂಟರಿನ ಕಾಗೆ ಒಂದೇ ಕಡೆ ಕೂತಿತ್ತು. ನಾನು ಎರಡು ಸಲ ಎದ್ದೆ — ಒಂದು ನೀರು ಕುಡಿಯಲು. ನಿಜವಾಗಿ ನೀರಿಗೇ.

ಮಾರ್ಚ್ 14, ಸಂಜೆ 7
ಅತ್ತೆ ಬಂದು ಚಪ್ಪಲಿ ಬಿಡದೆ ಕೂತರು. ಮುಖ ಗಂಟು. ನನಗೆ ಜೀವವೇ ಹೋಯಿತು. ಆಮೇಲೆ ಫಕ್ಕನೆ ನಕ್ಕರು.

ಪರೀಕ್ಷೆ ಮಾಡಲು ಬಂದ ಹುಡುಗಿ ಸುತ್ತೋಲೆ ಟೈಪ್ ಮಾಡಿಸಿ, ಅಕ್ಷರ ದೊಡ್ಡದು ಮಾಡಿ ಅಂದಳಂತೆ. ಪಕ್ಕದ ಗುಮಾಸ್ತರದ್ದು ಚೆಲ್ಲಿಹೋಯಿತು. ಅತ್ತೆಯದ್ದು ಅಲುಗಲಿಲ್ಲ.

"ಒಂದು ಸಲ ಎಡಗೈ ಎದ್ದೇಬಿಡ್ತು ಕಣೇ. ಕೂದಲು ಸರಿ ಮಾಡಿಕೊಂಡೆ!"

ಕುರ್ಚಿ ಉಳಿಯಿತು. ಅಪ್ಪಿಕೊಂಡೆ. ಆಮೇಲೆ ಮೆಲ್ಲಗೆ ಕೇಳಿದೆ — ಪಾಠ ಮುಗಿಯಿತಲ್ಲ, ಇನ್ನು...?

"ವರ್ಡಲ್ಲಿ ಟೇಬಲ್ ಹಾಕೋದು ನಿಮ್ಮಪ್ಪ ಹೇಳಿಕೊಡ್ತಾರಾ? ಮಗು ಕೊಡು. ಹೋಗು, ಬಿದ್ದುಕೋ."

ಪುಟ್ಟಿ ಅವರ ಕೋಣೆಯಲ್ಲಿ. ಬಾಗಿಲು ಮುಚ್ಚಿದೆ. ಹಾಸಿಗೆಯಲ್ಲೇ ಬರೆಯುತ್ತಿದ್ದೇನೆ. ನಾಲ್ಕು ಹೆಜ್ಜೆ ಇಟ್ಟರೆ ನೋಡಿಬರಬಹುದು. ಹೋಗಿಲ್ಲ. ದಿಂಬು ತಣ್ಣಗಿದೆ, ಕಣ್ಣು ಎಳೆಯುತ್ತಿದೆ. ನಾಳೆ ಟೇಬಲ್... ಮೊದಲು ಇನ್ಸರ್ಟ್, ಆಮೇಲೆ ಎಷ್ಟು ಕಾಲಂ ಬೇಕು ಅಂತ