ರೆಹೋಬೋತ್ ಅಂದರೇನು ಅಂತ ಕೇಳಿದೆಯಂತೆ

ಪ್ರೀತಿಯ ಅಣ್ಣಾ,

ನನ್ನ ಹೊಸ ಅಂಗಡಿಯ ಬೋರ್ಡು ನೋಡಿ, "ರೆಹೋಬೋತ್ ಅಂದ್ರೇನಪ್ಪಾ, ಕೆಮ್ಮಿನ ಔಷಧಿ ಹೆಸರಿದ್ದ ಹಾಗಿದೆ" ಎಂದು ಅದನ್ನು ಬರೆದವನನ್ನು ಕೇಳಿದೆಯಂತೆ. ಅವನಿಗೇನು ಗೊತ್ತು? ನಾನು ಕೊಟ್ಟ ಅಕ್ಷರಕ್ಕೆ ಬಣ್ಣ ತುಂಬಿದ, ಅಷ್ಟೆ. ನನ್ನನ್ನೇ ಕೇಳಬಹುದಿತ್ತು; ಆದರೆ ನಾವು ಮಾತು ಬಿಟ್ಟು ವರ್ಷವಾಯಿತಲ್ಲ. ಅದಕ್ಕೇ ಈ ಕಾಗದ. ಓದುವ ಮೊದಲೇ ಮುಖ ಗಂಟು ಹಾಕಿಕೊಳ್ಳಬೇಡ.

ಅಪ್ಪ ಹೋದ ಮೇಲೆ ಅವರ ಹೊಲಿಗೆ ಅಂಗಡಿ ಯಾರದು ಎಂದು ಕಿತ್ತಾಡಿದೆವು. ನಡುವೆ ಪ್ಲೈವುಡ್ ಗೋಡೆ ಎದ್ದಿತು. ಬೀದಿಯ ಕಡೆಯ ಕಿಟಕಿ ನಿನ್ನ ಪಾಲಿಗೆ ಹೋಯಿತೆಂದು ಎರಡನೆಯ ಜಗಳ. ಅದು ಕೋರ್ಟು ಮೆಟ್ಟಿಲು ಹತ್ತಿತು. ಗೋಡೆ ಏಳುವವರೆಗೆ ಕತ್ತರಿಸುವುದು ನೀನು, ಹೊಲಿಯುವುದು ನಾನು. ಅಂಚಿಗೆ ನೀನು ಧಾರಾಳವಾಗಿ ಒಂದಿಂಚು ಬಟ್ಟೆ ಬಿಡುತ್ತಿದ್ದೆ, ನಾನು ಅಳೆಯದೆಯೇ ಒಂದಿಂಚು ಒಳಗೆ ಹಿಡಿದು ಹೊಲಿಯುತ್ತಿದ್ದೆ. ಬೇರೆಯಾದ ಮೇಲೆ ನಾನೇ ಕತ್ತರಿ ಹಿಡಿದು ಎಲ್ಲರಂತೆ ಅರ್ಧ ಇಂಚು ಬಿಟ್ಟೆ. ಕೈ ಮಾತ್ರ ಹಳೆಯ ಚಾಳಿಯಂತೆ ಒಂದಿಂಚು ನುಂಗಿತು. ನಿನ್ನ ಕಡೆ ನೀನು ಒಂದಿಂಚು ಬಿಟ್ಟರೆ ನಿನ್ನ ಹೊಸ ಟೈಲರ್ ಅರ್ಧವೇ ಹಿಡಿದ. ನಿನ್ನ ಗಿರಾಕಿಗಳು ಅಂಗಿಯೊಳಗೆ ಈಜಾಡಿದರು, ನನ್ನವರಿಗೆ ಉಸಿರು ಕಟ್ಟಿತು. ಗೋಡೆಯಾಚೆ ನೀನು ನಗುವುದು ಕೇಳಿಸುತ್ತಿತ್ತು. ನಾನೂ ನಕ್ಕಿದ್ದೆ, ಬಾಯಿಗೆ ಬಟ್ಟೆ ಒತ್ತಿಕೊಂಡು.

ಒಂದು ದಿನ ಪಾದ್ರಿಗಳು ನಾನು ಹೊಲಿದ ನಿಲುವಂಗಿ ತೊಟ್ಟುಕೊಂಡೇ ಬಂದರು. ಆಶೀರ್ವಾದಕ್ಕೆಂದು ಕೈ ಎತ್ತಿದರೆ ಅದು ಅರ್ಧಕ್ಕೇ ನಿಂತುಬಿಡುತ್ತದೆ. "ನಿಮ್ಮಿಬ್ಬರ ಜಗಳ ನನ್ನ ಕಂಕುಳಲ್ಲಿ ಬಂದು ಕೂತಿದೆಯಲ್ಲಮ್ಮ," ಎಂದರು. ನಾನು ನಾಚಿಕೆಯಿಂದ ಕುಗ್ಗಿಹೋಗಿ ಹೊಲಿಗೆ ಬಿಚ್ಚುತ್ತ ಕೂತೆ. ಅವರು ಸ್ಟೂಲಿನ ಮೇಲೆ ಕೂತು ಬೈಬಲ್ಲಿನ ಇಸಾಕನ ಕಥೆ ಹೇಳಿದರು.

ಇಸಾಕನ ಆಳುಗಳು ಗೆರಾರಿನ ಕಣಿವೆಯಲ್ಲಿ ಬಾವಿ ತೋಡಿದರಂತೆ. ನೀರು ಬಂದದ್ದೇ ತಡ, ಅಲ್ಲಿಯ ದನ ಕಾಯುವವರು ನೀರು ನಮ್ಮದು ಎಂದು ಮೈಮೇಲೆ ಬಂದರು. ಅವನು ಆ ಬಾವಿಗೆ ಏಸೆಕ್ ಎಂದು ಹೆಸರಿಟ್ಟ. ಹೀಬ್ರೂವಿನಲ್ಲಿ ಹಾಗೆಂದರೆ ಜಗಳ. ಇನ್ನೊಂದು ತೋಡಿದರು, ಅದಕ್ಕೂ ತಂಟೆ. ಅದು ಸಿಟ್ನಾ, ಅಂದರೆ ಹಗೆತನ. ಸೈತಾನ ಎಂಬ ಮಾತಿನ ಬೇರೂ ಅದೇ ಅಂತೆ. ಅಲ್ಲಿಂದಲೂ ಹೊರಟು ಮೂರನೆಯದು ತೋಡಿಸಿದ. ಯಾರೂ ಜಗಳಕ್ಕೆ ಬರಲಿಲ್ಲ. ಅದೇ ರೆಹೋಬೋತ್. ಅಗಲ ಎನ್ನುವ ಮಾತಿನಿಂದ ಹುಟ್ಟಿದ ಹೆಸರು: ವಿಶಾಲವಾದ ಜಾಗಗಳು. ಇಂದಿಗೂ ಆ ಭಾಷೆಯಲ್ಲಿ ಬೀದಿಗೆ ಹೇಳುವ ಮಾತು ಅದೇ ಬುಡದ್ದು. ದೇವರು ನಮಗೆ ಜಾಗ ಮಾಡಿಕೊಟ್ಟ, ಇನ್ನು ಇಲ್ಲಿ ಏಳಿಗೆ ಹೊಂದುತ್ತೇವೆ ಎಂದನಂತೆ ಇಸಾಕ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನಾವಿಬ್ಬರೂ ಎರಡನೆಯ ಬಾವಿಯ ದಂಡೆಯಲ್ಲಿದ್ದೆವು.

ಮೊದಲು ಸಿಟ್ಟೇ ಬಂತು. ತೋಡಿದವನೂ ಇವನೇ, ಬಿಟ್ಟು ಹೋಗುವವನೂ ಇವನೇನಾ? ಅಪ್ಪನ ಅಂಗಡಿಯಲ್ಲಿ ನನ್ನ ಬೆವರೂ ಇದೆ. ಕೇಸು ನಮ್ಮ ಕಡೆಗೇ ಆಗುತ್ತದೆ ಎಂದು ವಕೀಲರು ಎದೆ ತಟ್ಟಿ ಹೇಳಿದ್ದರು. ಆದರೆ ಗೆದ್ದು ಏನು ಮಾಡಲಿ? ಗೆದ್ದ ದಿನ ನೀನು ಕತ್ತರಿ ಎತ್ತಿಕೊಂಡು ಹೊರಗೆ ಹೋಗುತ್ತೀ, ಆಮೇಲೆ ಸಾಯುವವರೆಗೂ ನನ್ನ ಮುಖ ನೋಡುವುದಿಲ್ಲ. ನಿನ್ನ ಹಟ ನನಗೆ ಗೊತ್ತಿಲ್ಲವೇ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ನನಗೆ ಕಿಟಕಿ ಬೇಕಿತ್ತು, ನಿಜ. ಅದಕ್ಕಿಂತ ಅಣ್ಣ ಬೇಕು.

ಬೇರೆಯವರ ಬಾಯಲ್ಲಿ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ನಿನ್ನೆ ಕೇಸು ವಾಪಸ್ ತೆಗೆದುಕೊಂಡೆ. ವಕೀಲರು ಹಣೆ ಚಚ್ಚಿಕೊಂಡರು. ಅಂಗಡಿ ಪೂರ್ತಿ ನೀನೇ ಇಟ್ಟುಕೋ, ಆ ಗೋಡೆ ಕಿತ್ತುಹಾಕು, ಗಾಳಿಯಾಡಲಿ. ಸೋತಳು ಎಂದು ಬೀಗಬೇಡ, ಪಾಪ ಎಂದು ಮರುಗಲೂ ಬೇಡ. ನನ್ನ ಹೊಸ ಅಂಗಡಿಯ ಕೋಣೆ ಬೇಕರಿಯ ಮೇಲಿದೆ. ಬೆಳಗ್ಗೆ ಬ್ರೆಡ್ಡಿನ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತದೆ. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿನವರು ಕೆಳಗಿನಿಂದಲೇ ಕೂಗುತ್ತಾರೆ. ಬೆಳಕು ಬೇಕಾದಷ್ಟಿದೆ. ಕೈಗೆ ಅರ್ಧ ಇಂಚು ಕಲಿಸುತ್ತಿದ್ದೇನೆ. ಸಂಜೆ ಹೊಲಿಗೆ ಮಿಷನ್ ನಿಲ್ಲಿಸಿದಾಗ ಪಕ್ಕದಲ್ಲಿ ನಿನ್ನ ಕತ್ತರಿಯ ಸದ್ದಿರುವುದಿಲ್ಲ. ಅದೊಂದು ತುಂಬ ಬೇಜಾರು.

ಅಂದಹಾಗೆ, ಕಥೆ ರೆಹೋಬೋತ್‌ನಲ್ಲಿ ಮುಗಿಯುವುದಿಲ್ಲ. ಇಸಾಕ ಅಲ್ಲಿಂದ ಬೇರ್ಷೆಬಕ್ಕೆ ಹೋಗುತ್ತಾನೆ. ಈ ಬಾವಿಗಳಿಗೂ ಮೊದಲು ಅವನನ್ನು ಊರು ಬಿಡಿಸಿದ್ದ ಗೆರಾರಿನ ಅರಸನೇ ಒಂದು ದಿನ ಅಲ್ಲಿಗೆ ಬರುತ್ತಾನೆ. ನನ್ನನ್ನು ದ್ವೇಷಿಸಿ ಕಳಿಸಿದವರು ಈಗೇಕೆ ಬಂದಿರಿ ಎಂದು ಇಸಾಕ ಕೇಳುತ್ತಾನೆ. ಆಮೇಲೆ ಊಟ ಹಾಕುತ್ತಾನೆ, ರಾಜಿಯಾಗುತ್ತದೆ. ನೀನೂ ಯಾವತ್ತಾದರೂ ಬಾ, ಅಣ್ಣ. ಯಾಕೆ ಬಂದೆ ಅಂತ ನಾನು ಕೇಳುವುದಿಲ್ಲ. ಊಟ ಮಾತ್ರ ಹಾಕುತ್ತೇನೆ.

ದೇವರು ನಿನ್ನ ಕಣ್ಣು ಕೈ ಎರಡನ್ನೂ ಚೆನ್ನಾಗಿಟ್ಟಿರಲಿ.

ನೀನು ಗುಂಡುಸೂಜಿ ಎಂದು ಕರೆಯುತ್ತಿದ್ದ
ನಿನ್ನ ತಂಗಿ